ಒಂದೇ ಕೈತೋಟ

"ಒಸಿ ಎಡಕ್ಕೆ... ಇನ್ನೂ ಎಡಕ್ಕೆ ಕಣ್ರೋ!" ಕದರಯ್ಯ ಕೂಗಿದ. ಚಟ್ಟದ ಬಿದಿರು ನಡುಗೋಡೆಗೆ ಬಡಿದು ನಿಂತಿತು.

ಪೈಪ್ ಹಾಕಲು ಬೀದಿ ಅಗೆದಿದ್ದರಿಂದ ಅವನ ಅಕ್ಕ ಸುಬ್ಬಲಕ್ಷ್ಮಮ್ಮನ ಚಟ್ಟವನ್ನು ಅಂಗಳದಲ್ಲೇ ಕಟ್ಟಿದ್ದರು. ಎತ್ತಿದ ಮೇಲೆ ಅದು ಗೇಟಿನ ಕಡೆ ಹೊರಳಲಿಲ್ಲ. ಅಷ್ಟು ಇಕ್ಕಟ್ಟು.

"ನೆಟ್ಟಗೆ ನಿಲ್ಲಿಸ್ಕೊಂಡು ಹೋಗೋಣ," ಹೆಗಲು ಕೊಟ್ಟವರಲ್ಲೊಬ್ಬ ಅಂದ.

ಕದರಯ್ಯ ಭಾವನ ಮುಖ ನೋಡಿದ. ಬೆಂಕಿಯ ಮಡಕೆ ಹಿಡಿದಿದ್ದ ಶಿವರಾಮಯ್ಯ ತಲೆ ಎತ್ತಲಿಲ್ಲ.

ಗೋಡೆಯಾಚೆಯಿಂದ ಹೆಣ್ಣುದನಿ ಕೇಳಿತು. "ಅಕ್ಕನ್ನ ನಿಲ್ಲಿಸ್ಬೇಡಿ. ಈ ಕಡೆ ಕೊಡಿ."

*

ಸತ್ಯಮಂಗಲದ ಆ ಸೈಟಿನಲ್ಲಿ ಶಿವರಾಮಯ್ಯ ಮತ್ತು ಅವನ ತಮ್ಮ ಅನಂತರಾಜು ಜಗಳವಾಡಿ ನಡುವೆ ಗೋಡೆ ಎಬ್ಬಿಸಿದ ಮೇಲೆ ವಾರಗಿತ್ತಿಯರ ಮಾತೂ ನಿಂತಿತ್ತು.

ಆ ಮಳೆಗಾಲ ಅನಂತರಾಜುವಿನ ಹೆಂಡತಿ ಪ್ರೇಮಲತಾ ಗೋಡೆಯುದ್ದಕ್ಕೂ ಗುಲಾಬಿ ಬಣ್ಣದ ಕಾಶಿ ಕಣಗಿಲೆ ನೆಟ್ಟಳು. ಸ್ವಲ್ಪ ದಿನಕ್ಕೆ ಆಚೆಯೂ ಅದೇ ಬಣ್ಣ. ಸುಬ್ಬಲಕ್ಷ್ಮಮ್ಮ ಕುಂಡಗಳಿಗೆ ಕೆಮ್ಮಣ್ಣು ಬಳಿದರೆ ಪ್ರೇಮಲತಾಳೂ ಬಳಿದಳು. ಎರಡು ಗೇಟಿನ ಮೇಲೂ ಮಲ್ಲಿಗೆ ಬಳ್ಳಿ ಒಂದೇ ಎತ್ತರಕ್ಕೆ ಹಬ್ಬಿತು. ಹೋಗಿಬರುವವರು, "ಒಂದೇ ಮನೆಯೋರ ತೋಟ ಅಲ್ವಾ?" ಅನ್ನತೊಡಗಿದರು.

ಅದನ್ನು ಕೇಳಿಸಿಕೊಂಡ ಅನಂತರಾಜು ಸಿಟ್ಟಿನಿಂದ ಕಣಗಿಲೆ ಕಿತ್ತೆಸೆದ. ಮರುದಿನ ಬೆಳಿಗ್ಗೆ ಗೋಡೆಯ ಮೇಲೆ, ಆಚೆ ಕಡೆಯಿಂದ ಇಟ್ಟ, ಪೇಪರಿನಲ್ಲಿ ಸುತ್ತಿದ ಸಸಿಗಳಿದ್ದವು. ಪ್ರೇಮಲತಾ ಅವನ್ನು ನೆಟ್ಟಳು.

ಈ ಬೇಸಿಗೆಯಲ್ಲಿ ಆಚೆಯ ಗಿಡಗಳು ಒಣಗತೊಡಗಿದವು. ಪ್ರೇಮಲತಾ ಪೈಪನ್ನು ಗೋಡೆಯ ಮೇಲಿಂದ ಇಳಿಬಿಟ್ಟು ನೀರು ಬಿಟ್ಟಳು. ಶಿವರಾಮಯ್ಯ ಅದನ್ನು ವಾಪಸ್ ಎಸೆದ.

"ನಿಮ್ ನೀರು ಬ್ಯಾಡ."

"ಅಕ್ಕಂಗೆ ಏನಾಗಿದೆ ಭಾವ?"

ಬಾಗಿಲು ಹಾಕಿಕೊಂಡ ಸದ್ದಷ್ಟೇ ಬಂತು.

*

"ಒಳಕ್ ನಡಿ," ಅನಂತರಾಜು ಹಲ್ಲು ಕಚ್ಚಿ ಹೇಳಿದ. "ಅವ್ರ ಹೆಣ ನನ್ ಅಂಗಳದಾಗೆ ಬರಕೂಡ್ದು."

ಪ್ರೇಮಲತಾ ಗೇಟನ್ನು ಪೂರ್ತಿ ತೆರೆದಳು. ಕುಂಡಗಳನ್ನು ಕಾಲಿಂದ ತಳ್ಳಿ ಉರುಳಿಸಿದಳು. ಹೂಬಿಟ್ಟ ಗಿಡಗಳನ್ನು ಹಿಡಿ ಹಿಡಿಯಾಗಿ ಕಿತ್ತು ನಾಲ್ಕು ಜನ ನಿಲ್ಲುವಷ್ಟು ಜಾಗ ಮಾಡಿದಳು.

ಕದರಯ್ಯ ಗೋಡೆ ಹಾರಿ ಬಂದ. "ಕೊಡ್ರಪ್ಪ, ನಿಧಾನ."

ಚಟ್ಟ ಗೋಡೆಗೆ ಉಜ್ಜುತ್ತಾ ಈಚೆ ದಾಟಿತು. ಶಿವರಾಮಯ್ಯ ಮಾತ್ರ ಬರಲಿಲ್ಲ. ಮಡಕೆ ಹಿಡಿದು ತನ್ನ ಗೇಟಿನಿಂದಲೇ ಸುತ್ತಿಕೊಂಡು ಹೋಗಿ, ತಮ್ಮನ ಅಂಗಳಕ್ಕೆ ಬೆನ್ನು ಹಾಕಿ ಬೀದಿಯಲ್ಲಿ ನಿಂತ.

ಹೊತ್ತವರು ಪಾತಿ ತುಳಿಯುತ್ತಾ ಮುಂದೆ ಸಾಗಿದರು. ಹಿಂದೆ ಅನಂತರಾಜು ಮನೆಯ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿದ.

ಪ್ರೇಮಲತಾ ತಿರುಗಿ ನೋಡಲಿಲ್ಲ. ಕೆಸರು ಮೆತ್ತಿದ ಬರಿಗಾಲಲ್ಲಿ, ಚಟ್ಟದ ಹಿಂದಿನ ಬಿದಿರಿಗೆ ಕೈ ಹಚ್ಚಿ, ಗಂಡಸರ ಜೊತೆ ಬೀದಿಗಿಳಿದಳು.