ಕೆರೆಗೆ ಹೋಗುವ ದಾರಿ

ಟೈಲರ್‌ನ ತಾಯಿ ಹಗಲಲ್ಲೇ ಕನಸು ಕಾಣುತ್ತಿದ್ದಳು. ಕಿಟಕಿಯ ಪಕ್ಕ ಅವಳ ವೀಲ್‌ಚೇರ್, ಮಡಿಲಲ್ಲಿ ಕತ್ತರಿಸಿ ಉಳಿದ ನೀಲಿ ಬಟ್ಟೆಯ ತುಂಡು. ಕೆರೆಯ ನೀರೂ ಇದೇ ಬಣ್ಣ ಎಂದುಕೊಂಡು ಅದನ್ನು ನೇವರಿಸುತ್ತ, ಮಗನ ಹೊಲಿಗೆ ಮೆಷಿನ್ ಸದ್ದಿನಲ್ಲೇ ಅವಳು ಕೆರೆಯ ದಂಡೆಗೆ ಹೋಗಿಬಿಡುತ್ತಿದ್ದಳು.

"ಒಂದ್ಸಲ ಕರ್ಕೊಂಡು ಹೋಗೋ."

"ಹೋಗಿದ್ವಲ್ಲಮ್ಮ, ಸಾಕಾಗ್ಲಿಲ್ವಾ?"

ಹೋಗಿದ್ದು ನಿಜ. ಬಸ್ಸಿನಲ್ಲಿ ವೀಲ್‌ಚೇರ್ ಹತ್ತಿಸುವ ಹಲಗೆ ಇರಲಿಲ್ಲ. ಹೇಗೋ ಎತ್ತಿ ಹತ್ತಿಸಿ, ಎತ್ತಿ ಇಳಿಸಿದರೆ ಮುಂದಿನ ರಸ್ತೆ ಅಗೆದಿತ್ತು. ಅರ್ಧ ದಾರಿಯಿಂದ ವಾಪಸ್ಸು. ತಾಯಿ ಒಂದು ಮಾತೂ ಬೈಯಲಿಲ್ಲ. ಮಗನಿಗೆ ಚುಚ್ಚಿದ್ದು ಅದೇ.

ಎದುರುಮನೆಯ ಹುಡುಗಿ ಚೀಲಕ್ಕೆ ಜಿಪ್ ಹಾಕಿಸಲು ಬಂದಳು. ನಕ್ಷೆ ಬರೆಯುವ ಕೆಲಸ ಅವಳದು. ಬೀದಿಗೆಲ್ಲ ನಕ್ಷೆಯವಳು.

"ಅಣ್ಣ, ಅರ್ಧ ದಾರಿಯಿಂದ ವಾಪಸ್ ಬಂದ್ರಂತೆ, ಅಮ್ಮ ಹೇಳಿದ್ರು. ಹಲಗೆ ಇರೋ ಬಸ್ ಯಾವುದು ಅಂತ ಸಾರಿಗೆಯವರು ವೆಬ್‌ಸೈಟಲ್ಲಿ ಹಾಕಿದಾರೆ. ಎಲ್ಲಿ ಅಗೀತಾರೆ ಅಂತ ನಗರಸಭೆ ಹಾಕಿದೆ. ಕೆರೆ ಸುತ್ತಲ ಉದ್ಯಾನದ ಯಾವ ಗೇಟಲ್ಲಿ ವೀಲ್‌ಚೇರ್ ಹತ್ತೋ ಇಳಿಜಾರಿದೆ ಅಂತ ಉದ್ಯಾನದವರು ಹಾಕಿದಾರೆ."

"ಕದ್ದು ನೋಡಿದ್ಯಾ?"

"ಕದಿಯೋದೇನು ಬಂತು? ಯಾರು ಬೇಕಾದ್ರೂ ಬಳಸ್ಲಿ ಅಂತಾನೇ ಹಾಕಿರೋದು. ಮುಕ್ತ ದತ್ತಾಂಶ ಅಂತಾರೆ."

"ಹಾಗಾದ್ರೆ ಅವತ್ತು ನಮಗ್ಯಾಕೆ ಸಿಗ್ಲಿಲ್ಲ?"

"ತೋಳು ಒಂದಂಗಡೀಲಿ, ಕಾಲರ್ ಇನ್ನೊಂದ್ರಲ್ಲಿ ಬಿದ್ದಿದ್ರೆ ಅಂಗಿ ಅಂತೀರಾ? ಹೊಲೀಬೇಕು. ನಾವೊಂದಿಷ್ಟು ಜನ ಲೈಬ್ರರೀಲಿ ಕೂತು ಹೊಲಿದು ಆ್ಯಪ್ ಮಾಡಿದೀವಿ. ಸಾರಿಗೆಯವರು ಕೆರೆತೋಟ ಅಂತ ಬರ್ದಿದಾರೆ, ಉದ್ಯಾನದವರು ಏಳನೇ ಉದ್ಯಾನ ಅಂತ. ಎರಡೂ ಒಂದೇ ಅಂತ ಹೇಳಿಕೊಟ್ಟಿದ್ದು ನಿಮ್ಮಮ್ಮ."

"ನಾನು ಮರೀತೀನಾ? ನಿಮ್ಮಪ್ಪ ನನ್ನ ಮೊದಲು ನೋಡಿದ್ದೇ ಅಲ್ಲಿ," ಎಂದಳು ತಾಯಿ ಮಗನಿಗೆ.

ಭಾನುವಾರ ಮೂವರೂ ಹೊರಟರು. ಹಲಗೆಯ ಬಸ್ಸು ಬಂತು. ಆ್ಯಪ್ ತೋರಿಸಿದಂತೆ ಅಗೆದ ರಸ್ತೆ ಬಿಟ್ಟು ಶಾಲೆಯ ಹಿಂದಿನ ನೆರಳಿನ ದಾರಿಯಲ್ಲಿ ಚಕ್ರ ತೇಲಿದಂತೆ ಸಾಗಿತು. ಗೇಟಿನ ಬಳಿ ಇಳಿಜಾರೂ ಇತ್ತು. ಅದರ ಮೇಲೆ ಸಾಲಾಗಿ ಹೂಕುಂಡಗಳು.

"ನಿನ್ನ ಆ್ಯಪು ಹೂವಿನ ವಿಷ್ಯ ಹೇಳ್ಲಿಲ್ಲ," ಎಂದು ಟೈಲರ್ ವಾಪಸ್ಸು ಹೋಗಲು ಕುರ್ಚಿ ತಿರುಗಿಸಿದ.

ನಕ್ಷೆಯವಳು ಮಾಲಿಯನ್ನು ಕೂಗಿ ಕರೆದಳು. "ಈ ಕಡೆ ಯಾರೂ ಬರಲ್ಲ ಅಂತ ಇಟ್ಟಿದ್ದು," ಎಂದ ಅವನು.

"ಇವು ಇದ್ರೆ ಹೇಗಪ್ಪಾ ಬರೋದು?" ಎಂದಳು ತಾಯಿ.

ಮಾಲಿ ಒಂದು ಕುಂಡಕ್ಕೆ ಕೈ ಹಾಕಿದ. ಟೈಲರ್ ಇನ್ನೊಂದು ಬದಿ ಹಿಡಿದ.

ಇಳಿಜಾರು ಖಾಲಿಯಾದ ಮೇಲೆ ಟೈಲರ್ ಫೋಟೊ ತೆಗೆದು, ತಾನೇ ಆ್ಯಪ್‌ನಲ್ಲಿ ಬರೆದ: ಕುಂಡ ಇಟ್ಟಿದ್ದರು, ತೆಗೆಸಿದ್ದೇವೆ, ಮತ್ತೆ ಇಟ್ಟರೆ ತಿಳಿಸಿ.

ದಂಡೆಯಲ್ಲಿ ತಾಯಿ ನೀಲಿ ತುಂಡನ್ನು ನೀರಿನೆದುರು ಹಿಡಿದು ಬಹಳ ಹೊತ್ತು ನೋಡಿದಳು.

"ಬಣ್ಣ ಬೇರೇನೇ ಕಣೋ," ಎಂದಳು. ತುಂಡನ್ನು ಮಗನ ಜೇಬಿಗೆ ತುರುಕಿದಳು.

ನಿಮ್ಮ ಊರಿನ ಮಾಹಿತಿಯೂ ಹೀಗೇ ಚೆಲ್ಲಾಪಿಲ್ಲಿಯಾಗಿ ಬಿದ್ದಿರಬಹುದು. ಅದು ನಿಮ್ಮದೇ. ಹುಡುಕಿ, ಸಿಗದಿದ್ದರೆ ಕಚೇರಿಗೆ ಹೋಗಿ ಕೇಳಿ. ಕಂಪ್ಯೂಟರ್ ಬಲ್ಲವರು ಜೋಡಿಸಿ. ಬಾರದವರು ನಿಮ್ಮ ಬೀದಿಯಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿಸಿ. ಕುಂಡವನ್ನಂತೂ ಯಾವ ಆ್ಯಪೂ ಎತ್ತುವುದಿಲ್ಲ. ಅದಕ್ಕೆ ನೀವೇ ಬರಬೇಕು.