ತರನ್ನುಮಳ ಕತ್ತರಿ

ರಾಣೆಬೆನ್ನೂರಿನ ತರನ್ನುಮ ಮತ್ತೆ ಹೊಲಿಗೆಗೆ ಕುಳಿತು ಕೆಲವು ತಿಂಗಳಾಗಿತ್ತು. ಆದರೆ ಮನೆಯಲ್ಲಿ ಕತ್ತರಿಯೇ ಇರಲಿಲ್ಲ. ಹಿಂದೆ ಕಾಯಿಲೆ ಜೋರಾದಾಗ, ಬಟ್ಟೆಯಲ್ಲಿ ವಿಷವಿದೆ ಎಂದು ಕಿವಿಯಲ್ಲಿ ಕೇಳಿಸಿದ ದನಿಗಳನ್ನು ನಂಬಿ ಅವಳು ಗಿರಾಕಿಗಳ ಬಟ್ಟೆಯನ್ನೆಲ್ಲ ಚೂರು ಮಾಡಿದ್ದಳು. ಕತ್ತರಿಯನ್ನು ಯಾರ ಮೈಗೂ ತಾಗಿಸಿರಲಿಲ್ಲ. ಆದರೂ ಅಣ್ಣ ಕೈಸರ ಅಂದೇ ಕತ್ತರಿ ಒಯ್ದು ತನ್ನ ಸೈಕಲ್ ಅಂಗಡಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಅವಳಿಗೆ ಉಳಿದದ್ದು ಸೀರೆಗೆ ಫಾಲ್ ಹಚ್ಚುವುದು, ದಾರವನ್ನು ಹಲ್ಲಿನಿಂದ ಕಡಿಯುವುದು.

ದ್ರಾಕ್ಷಾಯಿಣಿ ಮಾನಸಿಕ ಕಾಯಿಲೆಯವರ ಮನೆಗಳಿಗೆ ಹೋಗಿ ನೆರವಾಗುವ ಸಂಸ್ಥೆಯ ಕಾರ್ಯಕರ್ತೆ. ವಾರಕ್ಕೊಮ್ಮೆ ಬ್ಯಾಡಗಿಯಿಂದ ಬರುತ್ತಿದ್ದಳು. ಒಂದು ದಿನ ತರನ್ನುಮ ಅವಳನ್ನು ಕೇಳಿದಳು, "ಅಕ್ಕಾರ, ನಮ್ಮ ಭಾಯಿಗೆ ಹೇಳ್ರಿ. ಕತ್ರಿ ಇಲ್ದ ನಾ ಎಂಥಾ ಟೇಲರ್?"

ಇಬ್ಬರೂ ಅಂಗಡಿಗೆ ಹೋದರು. ಪಂಕ್ಚರ್ ಹಾಕುತ್ತಿದ್ದ ಕೈಸರ ಎದ್ದು ನಿಂತ.

"ನೀವು ಸಂಜಿಗೆ ಬಸ್ ಹತ್ತಿ ಹೋಗ್ತೀರಿ ಮೇಡಮ್. ಆಮ್ಯಾಲೆ ನಾ ಅಂಗಡ್ಯಾಗ, ಮನ್ಯಾಗ ಇರಾಕಿ ನಮ್ಮ ಅಮ್ಮಿ ಒಬ್ಬಾಕಿನ. ಏನರ ಆದ್ರ ಯಾರು ನೋಡ್ಬೇಕು?"

ಅವನ ಅಂಜಿಕೆ ಸುಳ್ಳಾಗಿರಲಿಲ್ಲ. ಎಲ್ಲಾ ನನ್ನ ಮೇಲೆ ಬಿಡಿ ಎಂದು ದ್ರಾಕ್ಷಾಯಿಣಿ ಮಾತು ಕೊಡಲಿಲ್ಲ. ಅವಳು ತರನ್ನುಮಳ ಕಡೆ ತಿರುಗಿದಳು. "ನೀನ ಹೇಳವಾ, ಏನ್ ಮಾಡೋಣು?"

"ದನಿ ಈಗೂ ಬರ್ತಾವ ಭಾಯ್, ಸುಳ್ಳ ಹೇಳಂಗಿಲ್ಲ," ಎಂದಳು ತರನ್ನುಮ. "ಸಣ್ಣಗ ಇದ್ರ ಕೆಲಸ ಮಾಡ್ತೇನಿ. ಜೋರಾದ್ರ ಕತ್ರಿ ನಾನ ಅಮ್ಮಿ ಕೈಯಾಗ ಕೊಡ್ತೇನಿ. ನೀ ಕಸಗೋಬ್ಯಾಡ."

ಕೈಸರ ಕೈ ಒರೆಸಿಕೊಂಡು ಕಪಾಟು ತೆರೆದು, ಕತ್ತರಿಯನ್ನು ಅವಳ ಕೈಗೆ ಕೊಟ್ಟ.

ಮೊದಮೊದಲು ತಾಯಿ ರಹಿಮತಬಿ ಮಷಿನ್ ಪಕ್ಕದಿಂದ ಏಳಲೇ ಇಲ್ಲ. ಅಕ್ಕಿ ಆರಿಸುವುದೂ ಅಲ್ಲೇ, ನಮಾಜೂ ಅಲ್ಲೇ. ತರನ್ನುಮ ಒಂದು ರವಿಕೆ ಹೊಲಿದಳು. ತೋಳು ಬಿಗಿಯಾಯಿತು, ಬಿಚ್ಚಿ ಮತ್ತೆ ಹೊಲಿದಳು.

ಒಂದು ಬೆಳಿಗ್ಗೆ ಅವಳು ಎದ್ದವಳೇ ಕತ್ತರಿಯನ್ನು ತಾಯಿಯ ಕೈಗಿಟ್ಟಳು. "ಇವತ್ತ ಬ್ಯಾಡ ಅಮ್ಮಿ. ಭಾಳ ಜೋರ್ ಐತಿ." ರಹಿಮತಬಿ ಗಾಬರಿಯಾಗಿ ಕೈಸರನಿಗೂ ದ್ರಾಕ್ಷಾಯಿಣಿಗೂ ಫೋನ್ ಮಾಡಿದಳು. ಕೈಸರ ಅಂಗಡಿ ಮುಚ್ಚಿ ಓಡಿ ಬಂದ. ದ್ರಾಕ್ಷಾಯಿಣಿ ಬಂದ ಮೇಲೆ ತರನ್ನುಮಳನ್ನು ಹಾವೇರಿಯ ಡಾಕ್ಟರ ಬಳಿ ಕರೆದೊಯ್ದರು. ಅವರು ಗುಳಿಗೆ ಬದಲಿಸಿದರು.

ಮರಳುವಾಗ ಬಸ್ಸಿನಲ್ಲಿ ತರನ್ನುಮ ಅಣ್ಣನ ಹೆಗಲಿಗೆ ಒರಗಿ ನಿದ್ದೆಹೋದಳು. ಇನ್ನು ಕತ್ತರಿ ಮತ್ತೆ ಕಪಾಟು ಸೇರುತ್ತದೆ ಎಂದೇ ದ್ರಾಕ್ಷಾಯಿಣಿ ಅಂದುಕೊಂಡಿದ್ದಳು. ಆದರೆ ಕೈಸರ ಮೆಲ್ಲಗೆ ಹೇಳಿದ, "ಆವಾಗ ಎಲ್ಲಾ ಹಾಳಾದಮ್ಯಾಲೆ ನಮಗ ಗೊತ್ತಾತ್ರಿ. ಈ ಸಲ ಆಕಿನ ಮೊದಲ ಹೇಳ್ಯಾಳ. ಇರಲಿ, ಕತ್ರಿ ಮನ್ಯಾಗ ಇರಲಿ."

ಕೆಲವು ದಿನ ತರನ್ನುಮ ಮಲಗಿಯೇ ಇದ್ದಳು. ಆಮೇಲೆ ತಾನಾಗಿ ಕತ್ತರಿ ಕೇಳಿದಳು, ತಾಯಿ ಕೊಟ್ಟಳು.

ಮುಂದಿನ ಸಲ ದ್ರಾಕ್ಷಾಯಿಣಿ ಬಂದಾಗ ಕೈಸರ ಮಷಿನ್ನನ್ನು ಒಳಕೋಣೆಯಿಂದ ಓಣಿಯ ಕಡೆಯ ಕಿಟಕಿಗೆ ಸರಿಸುತ್ತಿದ್ದ. "ಇಲ್ಲಿ ಬೆಳಕ ಚಲೋ ಬೀಳ್ತೈತ್ರಿ," ಎಂದ. ನೆರೆಮನೆಯ ಸಲ್ಮಾ ಬಟ್ಟೆಯ ಗಂಟು ಹಿಡಿದು, ಬರಲೋ ಬೇಡವೋ ಎಂಬಂತೆ ಹೊಸ್ತಿಲಾಚೆ ನಿಂತಿದ್ದಳು. ತರನ್ನುಮ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಕರೆದಳು, "ಬರ್ರಿ, ಒಳಗ ಬರ್ರಿ."