ರಟ್ಟಿನ ಹಿಂಬದಿ

ರೆಕಾರ್ಡಿನ ರಟ್ಟಿನ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯುವ ಮೊದಲೇ ಆ ವಾಕ್ಯ ಎಲ್ಲಿದೆಯೆಂದು ನೆಲ್ಡಾಳ ಹೆಬ್ಬೆರಳಿಗೆ ಗೊತ್ತಿತ್ತು. ಹಿಂಬದಿ, ಎರಡನೆಯ ಪ್ಯಾರಾ, ಕೊನೆಯ ಸಾಲು. ಹೆಬ್ಬೆರಳನ್ನು ಅಲ್ಲೇ ಒತ್ತಿ ಹಿಡಿದಳು. ಹಾಗೆ ಎಷ್ಟು ಹೊತ್ತು ಹಿಡಿದಿರಬಹುದು ಎಂದು ಲೆಕ್ಕ ಹಾಕಿದಳು.

‘ಹೇಗಿದೆ?’ ಎಂದ ತಮ್ಮ ವೆಂಡಲ್.

‘ಭಾರ ಇದೆ.’

ಅವನು ನಕ್ಕ. ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡುಗಳ ಪೆಟ್ಟಿಗೆ ಬಾಯಿ ತೆರೆದು ಕೂತಿತ್ತು. ಎಲ್ಲದರ ಮೇಲೂ ಅದೇ ಚಿತ್ರ: ಮರ ಕೊಯ್ಯುವ ಮಿಲ್ಲಿನ ಮುಂದೆ ಗಡ್ಡ ಬಿಟ್ಟ ಐದು ಜನ, ಒಬ್ಬನೂ ನಗುತ್ತಿಲ್ಲ. ಮೇಲೆ ಬ್ಯಾಂಡಿನ ಹೆಸರು, ‘ಹಾರ್ಡ್‌ಪ್ಯಾನ್’. ನೇಗಿಲಿನ ಗುಳ ಇಳಿಯದ ಗಟ್ಟಿ ಮಣ್ಣಿಗೆ ಜಾರ್ಜಿಯಾದ ರೈತರು ಬೈದುಕೊಂಡು ಹೇಳುವ ಮಾತು. ಅದನ್ನು ಆರಿಸಿಕೊಟ್ಟವಳೂ ಅವಳೇ. ಮನೆಯಲ್ಲಿ ಕಾಲೇಜು ಓದಿದವಳು ಒಬ್ಬಳೇ ಇದ್ದರೆ ಹೆಸರಿಡುವ ಕೆಲಸಗಳೆಲ್ಲ ಅವಳ ಪಾಲಿಗೇ ಬರುತ್ತವೆ.

‘ರಟ್ಟಿನ ಹಿಂದೆ ಬರೆದದ್ದನ್ನ ಓದಿದ್ಯಾ ನೀನು?’ ಎಂದು ಕೇಳಿದಳು.

‘ನೀನು ಬರೆದಿದ್ದಲ್ವಾ ಅಕ್ಕ, ಚೆನ್ನಾಗೇ ಇರತ್ತೆ. ಡೂಲಿ ಓದಿ ಅತ್ತನಂತೆ.’ ಡೂಲಿ ಡ್ರಮ್ಮು ಬಾರಿಸುವವನು.

‘ಯಾವ ಸಾಲಿಗೆ?’

‘ಅದೇನೋ, ಸತ್ತವನದೊಂದು ಸಾಲು ಇದೆಯಂತಲ್ಲ. ಅದನ್ನ ಬಿಡು, ಡೂಲಿ ನಾಯಿ ಕುಂಟಿದ್ರೂ ಅಳ್ತಾನೆ.’

ಅವಳು ಹೆಬ್ಬೆರಳು ತೆಗೆದಳು. ವಾಕ್ಯ ಅಲ್ಲೇ ಇತ್ತು. ‘ಅಗುಳಿ ಹಾಡನ್ನು ಕಟ್ಟಿದವನ ಹೆಸರು ಅವನೊಂದಿಗೇ ಈ ಕೆಂಪು ಮಣ್ಣಿಗೆ ಹೋಯಿತು, ಉಳಿದಿರುವುದು ಶತಮಾನಗಳ ನೋವು ಮಾತ್ರ.’ ಎಲ್ಲಕ್ಕಿಂತ ಕೆಳಗೆ, ಓರೆ ಅಕ್ಷರದಲ್ಲಿ: ನೆಲ್ಡಾ ಕ್ರಮ್ಲಿ.

ಹಾಡು ಕಟ್ಟಿದವನು ಸತ್ತಿರಲಿಲ್ಲ. ರೈಲುಹಳಿಯಾಚೆ, ಕಪ್ಪು ಜನರ ಬೀದಿಯಲ್ಲಿ, ಮೂರನೆಯ ಮನೆಯಲ್ಲಿದ್ದ. ಹೆಸರು ಲಿಯಾಂಡರ್ ಸ್ಪೈವಿ. ಮಾರ್ಚ್ ತಿಂಗಳಲ್ಲಿ ಅವಳು ಇದನ್ನು ಬರೆಯಲು ಕೂತ ವಾರವೇ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಎದುರಾಗಿ ಟೋಪಿ ಎತ್ತಿದ್ದ. ಅವಳು ಮನೆಗೆ ಬಂದು ಅವನನ್ನು ಮಣ್ಣಿಗೆ ಕಳಿಸಿದಳು. ದ್ವೇಷವಿರಲಿಲ್ಲ. ಬದುಕಿರುವವನು ಆ ವಾಕ್ಯದಲ್ಲಿ ಕೂರುತ್ತಿರಲಿಲ್ಲ. ಸತ್ತವನು ಸರಿಯಾಗಿ ಕೂತ.

ರೆಕಾರ್ಡಿನ ಕಪ್ಪು ತಟ್ಟೆಯ ನಡುವಿನ ಕಾಗದದ ಮೇಲೆ, ಹಾಡಿನ ಹೆಸರಿನ ಕೆಳಗೆ, ಒಂದೇ ಪದ: ಸಾಂಪ್ರದಾಯಿಕ. ಎಂದರೆ ಯಾರೊಬ್ಬರದೂ ಅಲ್ಲದ್ದು. ಅದನ್ನು ಟೈಪ್ ಮಾಡಿದ್ದೂ ಅವಳೇ. ಕಂಪನಿಯ ನಮೂನೆಯಲ್ಲಿ ‘ರಚನೆ’ ಎಂಬ ಕಡೆ ಬಂದಾಗ ಕೈ ನಿಲ್ಲಿಸಿ, ‘ಇದು ಲಿಯಾಂಡರ್‌ದಲ್ವಾ?’ ಎಂದು ಕೇಳಿದ್ದಳು. ‘ಇಂಥದಕ್ಕೆಲ್ಲ ಸಾಂಪ್ರದಾಯಿಕ ಅಂತಾನೇ ಹಾಕೋದು, ಎಲ್ಲಾ ಬ್ಯಾಂಡಿನೋರೂ ಹಾಗೇ ಹಾಕ್ತಾರೆ,’ ಎಂದಿದ್ದ ವೆಂಡಲ್. ಕೈ ಮತ್ತೆ ಓಡಿತ್ತು.

ಇವತ್ತು ಬೆಳಿಗ್ಗೆ ಒಂಬತ್ತಕ್ಕೆ ಅಟ್ಲಾಂಟಾದಿಂದ ರೆಕಾರ್ಡು ಕಂಪನಿಯ ಬ್ಯಾಸ್ಕಮ್ ಫೋನು ಮಾಡಿದ್ದರು. ಮೊದಲ ಕಂತಿನ ಅಚ್ಚು ಮುಗಿದಿದೆ, ಎರಡನೆಯದು ಅಚ್ಚಿಗೆ ಹೋಗುತ್ತಿದೆ, ಬರಹದಲ್ಲಿ ತಿದ್ದುವುದೇನಾದರೂ ಇದ್ದರೆ ಸಂಜೆ ನಾಲ್ಕರೊಳಗೆ ಹೇಳಬೇಕು. ‘ನೋಡಿ ಹೇಳ್ತೀನಿ,’ ಎಂದಿದ್ದಳು. ನೋಡುವುದಕ್ಕೆ ಏನಿತ್ತು.

ವೆಂಡಲ್ ಒಂದು ರೆಕಾರ್ಡು ಎತ್ತಿ ಅವಳ ಕಡೆ ಚಾಚಿದ. ‘ಇದನ್ನ ಲಿಯಾಂಡರ್‌ಗೆ ಕೊಟ್ಟು ಬಾ. ಪಾಪ, ಮುದುಕ ಖುಷಿ ಪಡ್ತಾನೆ.’

‘ನೀನೇ ಹೋಗು.’

‘ರೇಡಿಯೋದೋರು ಬರ್ತಾ ಇದಾರೆ. ನಿನಗೇನು, ಸ್ಕೂಲಿಗೆ ರಜ.’

‘ಅವನ ಹತ್ರ ಹಾಕಿ ಕೇಳೋ ಯಂತ್ರ ಇಲ್ಲ.’

‘ಚಿತ್ರ ನೋಡ್ತಾನೆ.’

‘ವೆಂಡಲ್, ಆ ಹಾಡು ಅವನದೇ ಅಲ್ವಾ?’

ತಮ್ಮ ಅವಳನ್ನು ಕನಿಕರದಿಂದ ನೋಡಿದ. ‘ಅವನು ಯಾರ ಹತ್ರ ಎತ್ಕೊಂಡನೋ. ಇಂಥ ಹಾಡನ್ನ ಯಾರೂ ಕಟ್ಟಲ್ಲ ಅಕ್ಕ, ಬೇಲಿ ಮೇಲೆ ತಾನೇ ಹಬ್ಬತ್ತೆ.’

ಒಳ್ಳೆಯ ಮಾತು, ಎನ್ನಿಸಿತು ಅವಳಿಗೆ. ಬರಹದಲ್ಲಿ ಸೇರಿಸಬಹುದಿತ್ತು. ಹಾಗೆನ್ನಿಸಿದ್ದಕ್ಕೆ ಕಿವಿ ಬಿಸಿಯಾಯಿತು.

*

ಹಳಿ ದಾಟುವಾಗ ಕಾರಿನ ಕಿಟಕಿಯಿಂದ ನುಸಿ ನುಗ್ಗಿದವು. ತುಟಿಯ ಒಂದು ಬದಿಯಿಂದ ಉಫ್ ಎಂದು ಊದಿದಳು. ಈ ಊರಿನಲ್ಲಿ ಜುಲೈ ಬಂತೆಂದರೆ ಪಾದ್ರಿ ಕೂಡ ಪ್ರಾರ್ಥನೆಯ ನಡುವೆ ಹಾಗೆ ಊದುತ್ತಾನೆ.

ಚಿಕ್ಕವರಿದ್ದಾಗ ಅವಳೂ ವೆಂಡಲ್ಲೂ ಪೀಚ್ ಹಣ್ಣು ತುಂಬುವ ಶೆಡ್ಡಿನ ಹಿಂದೆ ಖಾಲಿ ಬುಟ್ಟಿಗಳ ಮೇಲೆ ಕೂತು ಲಿಯಾಂಡರನ ಹಾಡು ಕೇಳುತ್ತಿದ್ದರು. ವೆಂಡಲ್ ಕೈ ನೋಡುತ್ತಿದ್ದ. ಅದು ಗೊತ್ತಾಗಿ ಲಿಯಾಂಡರ್ ಬೆರಳುಗಳನ್ನು ನಿಧಾನ ಮಾಡುತ್ತಿದ್ದ. ಅವಳು ಮಾತು ಕೇಳುತ್ತಿದ್ದಳು. ‘ಅಗುಳಿ ತೆಗಿ ಓಝಿ, ಒಳಗೆ ದೀಪ ಕಾಣ್ತಿದೆ.’ ಓಝಿ ಎಂದರೆ ಯಾರೆಂದು ಅವಳು ಕೇಳಿರಲಿಲ್ಲ. ಬರಹದಲ್ಲಿ ಅದಕ್ಕೂ ಒಂದು ಅರ್ಥ ಕೊಟ್ಟಿದ್ದಳು. ಸ್ವಾತಂತ್ರ್ಯ ಎಂದೋ ಏನೋ.

ಲಿಯಾಂಡರ್ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು, ತೊಡೆಗಳ ನಡುವೆ ಬೋಗುಣಿ ಇಟ್ಟುಕೊಂಡು, ಅವರೆ ಸುಲಿಯುತ್ತಿದ್ದ. ಕಾರಿನ ಸದ್ದಿಗೆ ತಲೆ ಎತ್ತಿ, ಹೆಜ್ಜೆಯ ಸದ್ದಿಗೆ ಅರ್ಧ ಎದ್ದ.

‘ಮಿಸ್ ನೆಲ್ಡಾ.’

‘ಕೂತ್ಕೊಳ್ಳಿ, ಮಿಸ್ಟರ್ ಸ್ಪೈವಿ.’

ದಾರಿಯಲ್ಲಿ ನಿಶ್ಚಯಿಸಿಕೊಂಡು ಬಂದಿದ್ದ ಮಾತು. ಈ ಊರಿನ ಬಿಳಿಯರು ಹಳಿಯಾಚೆಯವರನ್ನು, ಎಪ್ಪತ್ತು ದಾಟಿದವರನ್ನೂ, ಬರೀ ಹೆಸರು ಹಿಡಿದು ಕರೆಯುತ್ತಾರೆ. ಅವಳೂ ಇಷ್ಟು ದಿನ ಹಾಗೇ ಕರೆದವಳು. ಬಾಯಿಯಿಂದ ಹೊರಬಿದ್ದಾಗ ಅದು ಹೊಸ ಚಪ್ಪಲಿಯಂತೆ ಕಿರುಗುಟ್ಟಿತು.

ಮುದುಕ ಎದ್ದವನು ಅಲ್ಲೇ ನಿಂತ. ‘ಯಾರು ಸತ್ರು?’ ಎಂದ.

‘ಯಾರೂ ಇಲ್ಲ. ಯಾಕೆ?’

‘ನಿಮ್ಮೋರು ನನಗೆ ಮಿಸ್ಟರ್ ಅಂದಿದ್ದು ಒಂದೇ ಸಲ. ನನ್ನ ಹೆಂಡ್ತಿ ಓಝಿ ತೀರ್ಕೊಂಡಾಗ ಡಾಕ್ಟ್ರು ಹೊರಗೆ ಬಂದು ಅಂದಿದ್ರು.’ ಕೂತುಕೊಂಡ. ‘ಯಾರೂ ಇಲ್ಲ ಅಂದ್ರೆ ಸರಿ. ಆ ಮೆಟ್ಟಿಲ ಮೇಲೆ ಕೂರ್ಬೇಡಿ, ಇರುವೆ ಇದೆ.’

ಅವಳು ಇನ್ನೊಂದು ಕುರ್ಚಿಯ ತುದಿಯಲ್ಲಿ ಕೂತು ರೆಕಾರ್ಡು ಕೊಟ್ಟಳು. ಅವನು ಒದ್ದೆ ಬೆರಳು ತಾಗದಂತೆ ಎರಡೂ ಮುಂಗೈಗಳ ನಡುವೆ ಹಿಡಿದು ಮುಖದ ಹತ್ತಿರ ತಂದ, ದೂರ ಒಯ್ದ.

‘ಎರಡಕ್ಕೂ ಪೊರೆ. ಬಲಗಣ್ಣಲ್ಲಿ ಹಾಲು, ಎಡಗಣ್ಣಲ್ಲಿ ಮಜ್ಜಿಗೆ,’ ಎಂದ. ‘ಈ ಗಡ್ಡದಲ್ಲಿ ವೆಂಡಲ್ ಯಾರು?’

‘ನಡುವೆ ಇರೋನು.’

‘ಯಾಕೆ ಎಲ್ರೂ ಹೀಗೆ ಸಿಟ್ಟಾಗಿದಾರೆ? ಊಟ ಆಗಿಲ್ವಾ?’ ರಟ್ಟು ತಿರುಗಿಸಿದ. ‘ಓ, ಅಕ್ಷರ. ಏನಂತ ಬರೆದಿದೆ?’

‘ಸುಮ್ನೆ. ಯಾರು ಏನು ಬಾರಿಸ್ತಾರೆ ಅಂತ.’

‘ಅದಕ್ಕೆ ಇಷ್ಟೊಂದಾ? ಓದಿ ನೋಡೋಣ.’

ಅವಳು ಓದಿದಳು. ಮೊದಲ ಪ್ಯಾರಾ ಇದ್ದ ಹಾಗೇ ಓದಿದಳು. ಊರು, ಬಿಸಿಲು, ಮಿಲ್ಲು, ಐದು ಗೆಳೆಯರು. ಎರಡನೆಯದಕ್ಕೆ ಬಂದಾಗ ನಿಲ್ಲಿಸುತ್ತೇನೆ ಎಂದುಕೊಂಡಿದ್ದಳು. ನಿಲ್ಲಿಸಲಿಲ್ಲ. ದನಿ ತಾನೇ ಮುಂದೆ ಹೋಯಿತು.

‘“ಅಗುಳಿ ಹಾಡನ್ನು ಕಟ್ಟಿದವರು ಇದೇ ಊರಿನ ಲಿಯಾಂಡರ್ ಸ್ಪೈವಿ. ಈ ಕೆಂಪು ಮಣ್ಣಿನಲ್ಲಿ ಅವರ ಕೈ ಇನ್ನೂ ಬೆಚ್ಚಗಿದೆ.”’

ಎಷ್ಟು ಸಲೀಸಾಗಿ ಬಂತು. ಒಂದು ಪದವೂ ತಡವರಿಸಲಿಲ್ಲ. ಸುಳ್ಳು ಹೇಳಿದ್ದಕ್ಕಿಂತ ಆ ಸಲೀಸಿಗೆ ಅವಳು ನಾಚಿಕೊಂಡಳು.

ಲಿಯಾಂಡರ್‌ನ ಕೈ ಸುಲಿಯುವುದನ್ನು ಬಿಟ್ಟಿತ್ತು. ‘ಪೂರ್ತಿ ಹೆಸರಾ?’

‘ಪೂರ್ತಿ.’

‘ಅಚ್ಚಿನ ಅಕ್ಷರದಲ್ಲಿ?’

‘ಹೂಂ.’

ಅವನು ರಸ್ತೆಯ ಕಡೆ ತಿರುಗಿದ. ಆಮೇಲೆ ಭುಜ ಕುಣಿಯಿತು, ನಗುತ್ತಿದ್ದ. ‘ಓಝಿ ಇದ್ದಿದ್ರೆ ನನ್ನನ್ನ ಮತ್ತೆ ಹೊರಗೆ ಹಾಕ್ತಿದ್ಲು. ಮೀನು ಹಿಡಿಯಕ್ಕೆ ಅಂತ ಹೋದೋನು ಎರಡು ದಿನ ಬರಲಿಲ್ಲ ನಾನು. ಬಂದ್ರೆ ಅಗುಳಿ ಹಾಕಿದ್ಲು. ಒಳಗೆ ದೀಪ, ನನ್ನ ಊಟದ ವಾಸನೆ ಬೇರೆ. ಅವಳು ಅದನ್ನ ನಾಯಿಗೆ ಹಾಕ್ತಿರೋದು ಕೇಳಿಸ್ತಿದೆ. ಇದೇ ಜಗಲಿ ಮೇಲೆ ಕೂತು ಕಟ್ಟಿದ್ದು. ಅದರಲ್ಲಿ ನೋವು ಗೀವು ಅಂತ ಏನಾದ್ರೂ ಬರೆದಿದಾರಾ?’

‘ಇಲ್ಲ.’

‘ಪುಣ್ಯ. ಎಲ್ರೂ ನೋವು ಅಂತಾರೆ. ನೋವಲ್ಲ ಮಿಸ್ ನೆಲ್ಡಾ, ಸೊಳ್ಳೆ.’

ಅವಳೂ ನಕ್ಕಳು. ಆ ನಗು ತನ್ನದಲ್ಲದ ಬಾಯಿಂದ ಬಂದಂತಿತ್ತು. ಕೈಗೆ ಕೆಲಸ ಬೇಕೆಂದು ಬುಟ್ಟಿಯಿಂದ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದಳು.

‘ಇನ್ನೊಂದ್ಸಲ ಓದಿ,’ ಎಂದ. ‘ನನ್ನ ಹೆಸರಿರೋದು ಮಾತ್ರ.’

ಅವಳು ರಟ್ಟನ್ನು ಎತ್ತಿಕೊಂಡಳು. ಅಚ್ಚಾದ ಸಾಲು ಕಣ್ಣ ಮುಂದೆ ಇತ್ತು. ಹೇಳಿದ ಸಾಲು ಎಲ್ಲಿಯೂ ಇರಲಿಲ್ಲ.

‘“ಅಗುಳಿ ಹಾಡನ್ನು ಕಟ್ಟಿದವರು ಇದೇ ಊರಿನ ಲಿಯಾಂಡರ್ ಸ್ಪೈವಿ. ಈ ಕೆಂಪು ಮಣ್ಣು... ಅವರ ಕೈಯನ್ನು ಇನ್ನೂ ಮರೆತಿಲ್ಲ.”’

ಬೋಗುಣಿಗೆ ಒಂದು ಕಾಳು ಬಿತ್ತು. ಇನ್ನೊಂದು ಬಿತ್ತು.

‘ಮೊದಲು ಬೆಚ್ಚಗಿದೆ ಅಂತ ಇತ್ತು,’ ಎಂದ ಲಿಯಾಂಡರ್.

‘ಸಾಲು ತಪ್ತು.’

‘ಹೂಂ. ಹಾಡೋವಾಗ ನನಗೂ ತಪ್ತಿತ್ತು. ಒಂದೊಂದು ಸಲ ಒಂದೊಂದು ಥರ.’ ಅವನ ದನಿಯಲ್ಲಿ ಏನೂ ಇರಲಿಲ್ಲ. ‘ಅಚ್ಚಾಗಿದ್ದು ಹಾಗೆ ಮಾಡಲ್ಲ ಅಂದ್ಕೊಂಡಿದ್ದೆ.’

ಅವಳು ಹೆಬ್ಬೆರಳನ್ನು ಅಚ್ಚಾದ ಸಾಲಿನ ಮೇಲೆ ಒತ್ತಿದಳು.

‘ಐದಕ್ಕೆ ಆರ್ಲೀಥಾ ಬರ್ತಾಳೆ,’ ಎಂದ. ‘ಅವಳ ಕೈಲಿ ಓದಿಸ್ತೀನಿ. ಮಗಳು ನಿಧಾನಕ್ಕೆ ಓದ್ತಾಳೆ.’

ಆರ್ಲೀಥಾ ನೆಲ್ಡಾ ಪಾಠ ಮಾಡುವ ಶಾಲೆಯಲ್ಲೇ ಮೂರನೆಯ ತರಗತಿಗೆ ಟೀಚರು. ಎರಡೂ ಬಣ್ಣದ ಮಕ್ಕಳನ್ನು ಒಂದೇ ಶಾಲೆಗೆ ಸೇರಿಸಿ ಮೂರು ವರ್ಷವಾಗಿತ್ತು. ಮೂರು ವರ್ಷವೂ ಟೀಚರುಗಳು ಒಂದೇ ಮೇಜಿನ ಎರಡು ತುದಿಗಳಲ್ಲಿ ಕೂತು ಮಧ್ಯಾಹ್ನದ ಊಟ ಮಾಡಿದ್ದರು. ಉಪ್ಪು ಬೇಕಾದಾಗ ಮಾತ್ರ ಮಾತು.

‘ಇದನ್ನ ವಾಪಸ್ ತಗೊಂಡು ಹೋಗ್ತೀನಿ,’ ಎಂದಳು ನೆಲ್ಡಾ. ‘ಇದರಲ್ಲಿ ಗೀರು ಇದೆ. ಈಗ ನೋಡ್ದೆ. ಒಳ್ಳೇದೊಂದು ತಂದ್ಕೊಡ್ತೀನಿ.’

ಲಿಯಾಂಡರ್ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅವಳ ಕೈಯಿಂದ ರಟ್ಟನ್ನು ತೆಗೆದುಕೊಂಡು, ಒಳಗಿನ ಕಪ್ಪು ತಟ್ಟೆಯನ್ನು ಬಿಸಿ ಬಾಣಲೆಯಂತೆ ಅಂಚಿನಲ್ಲಿ ಹಿಡಿದು ಹೊರಗೆಳೆದು, ಅವಳಿಗೆ ಚಾಚಿದ.

‘ಗೀರು ಇರೋದು ತಟ್ಟೇಲಲ್ವಾ,’ ಎಂದ. ‘ಅದನ್ನ ತಗೊಂಡು ಹೋಗಿ. ರಟ್ಟು ನನಗಿರಲಿ.’

ಬರಿಯ ತಟ್ಟೆ ಹಿಡಿದು ನಿಂತಳು. ಅದರಲ್ಲಿ ಗೀರಿಲ್ಲವೆಂದು ಮಜ್ಜಿಗೆಗಣ್ಣಿಗೂ ಕಾಣುತ್ತಿತ್ತು. ‘ಬೇಡ, ಎರಡೂ ಇಟ್ಕೊಳ್ಳಿ,’ ಎಂದು ಜಗಲಿಯ ಕಂಬಿಯ ಮೇಲೆ ಇಟ್ಟು ಮೆಟ್ಟಿಲಿಳಿದಳು. ಇರುವೆ ಕಚ್ಚಿತು.

‘ಮಿಸ್ ನೆಲ್ಡಾ.’

ತಿರುಗಿದಳು. ಸುಳ್ಳು ಗೊತ್ತಾಗಿದೆಯೆಂದು ಈಗ ಹೇಳುತ್ತಾನೆ, ಎಂದುಕೊಂಡಳು. ಹೇಳಿದರೆ ಸಾಕು ಎಂದೂ.

ಅವನು ಸುಲಿದ ಕಾಳನ್ನು ಕಾಗದದ ಚೀಲಕ್ಕೆ ಸುರಿಯುತ್ತಿದ್ದ. ಈ ಕಡೆಯ ಜನ ಜಗಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ‘ಅರ್ಧ ನೀವೇ ಸುಲಿದಿದ್ದು,’ ಎಂದ. ಅವಳು ಸುಲಿದದ್ದು ಹತ್ತು ಕಾಯಿ. ತೆಗೆದುಕೊಂಡಳು.

*

ಪೆಟ್ರೋಲು ಬಂಕಿನ ಫೋನಿನ ಪೆಟ್ಟಿಗೆಯೊಳಗೆ ನಿಂತಾಗ ನಾಲ್ಕಕ್ಕೆ ಇಪ್ಪತ್ತು ನಿಮಿಷವಿತ್ತು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಆ ಹಾಡು ಲಿಯಾಂಡರ್ ಸ್ಪೈವಿಯವರದು. ಅವರು ಬದುಕಿದ್ದಾರೆ. ಎರಡೇ ವಾಕ್ಯ. ಮೂರನೆಯ ತರಗತಿಯ ಮಗು ಹೇಳಬಹುದು.

‘ಹೇಳಿ ಮಿಸ್ ಕ್ರಮ್ಲಿ,’ ಎಂದರು ಬ್ಯಾಸ್ಕಮ್. ‘ತಿದ್ದುವಂಥದ್ದೇನಾದ್ರೂ?’

‘ಇದೆ. ಒಂದು ಹೆಸರಿನ ವಿಷಯ.’

ಆ ಕಡೆ ಕುರ್ಚಿ ಕಿರುಗುಟ್ಟಿತು. ‘ಹಾಡು ಕಟ್ಟಿದೋರ ಹೆಸರಾ? ಅದಾದ್ರೆ ಕಷ್ಟ. ಹುಡುಗ್ರೆಲ್ಲ ಮತ್ತೆ ಸಹಿ ಹಾಕ್ಬೇಕು, ಅಚ್ಚು ನಿಲ್ಲಿಸ್ಬೇಕು. ನಿಮ್ಮ ತಮ್ಮನಿಗೆ ಗೊತ್ತಾ ಇದು?’

ಗಾಜಿನಾಚೆ ಒಬ್ಬಾಕೆ ತನ್ನ ಸರದಿಗಾಗಿ ಕಾಯುತ್ತ ತುಟಿಯೋರೆಯಿಂದ ನುಸಿ ಊದುತ್ತಿದ್ದಳು. ಕಾಗದದ ಚೀಲದ ತಳ ಒದ್ದೆಯಾಗಿ ನೆಲ್ಡಾಳ ಅಂಗೈಗೆ ಅಂಟಿಕೊಂಡಿತ್ತು.

‘ಹಾಡಿಂದಲ್ಲ,’ ಎಂದಳು. ‘ನನ್ನ ಹೆಸರು. ಬರಹದ ಕೆಳಗಿರೋದು. ಅದನ್ನ ತೆಗೆದುಬಿಡಿ.’

‘ಅಷ್ಟೇನಾ? ಯಾರು ಬರೆದ್ರು ಅಂತ ಬೇಡ್ವಾ?’

‘ಬೇಡ.’

‘ಈಗಿನ ಕಾಲದಲ್ಲಿ ಇಷ್ಟು ಸಂಕೋಚ ನೋಡಿಲ್ಲ ನಾನು,’ ಎಂದು ಬ್ಯಾಸ್ಕಮ್ ನಕ್ಕರು. ‘ಆಯ್ತು, ತೆಗೆಸ್ತೀನಿ.’

ಫೋನು ಇಟ್ಟ ಮೇಲೆ ಮೈ ಹಗುರವಾಯಿತು. ಸ್ನಾನ ಮಾಡಿ ಬಂದಷ್ಟು ಹಗುರ. ಕಾರಿನ ಬಾಗಿಲು ತೆರೆಯುವ ಹೊತ್ತಿಗೆ ಅದು ಹೋಗಿತ್ತು.

ಮನೆಗೆ ನೇರ ದಾರಿ ಇತ್ತು. ಊರೆಲ್ಲ ಸುತ್ತಿ, ಹಳಿ ದಾಟಿ, ಲಿಯಾಂಡರ್‌ನ ಮನೆಗೆ ಸ್ವಲ್ಪ ಈಚೆ ಪೆಕಾನ್ ಮರದ ಕೆಳಗೆ ಕಾರು ನಿಲ್ಲಿಸಿದಳು. ಜಗಲಿಯ ಮೇಲೆ ಯಾರೂ ಇರಲಿಲ್ಲ. ಕಿಟಕಿಯ ಗಾಜಿಗೆ ರಟ್ಟನ್ನು ಒಳಗಿನಿಂದ ಒರಗಿಸಿತ್ತು, ಹಿಂಬದಿ ರಸ್ತೆಯ ಕಡೆಗೆ. ಅಷ್ಟು ದೂರಕ್ಕೆ ಅಕ್ಷರ ಬರೀ ಬೂದು ಬಣ್ಣ.

ಎದುರಿನಿಂದ ಹಸಿರು ಕಾರೊಂದು ಬಂತು. ಈ ರಸ್ತೆಯಲ್ಲಿ ಯಾರು ಯಾರಿಗೆ ಎದುರಾದರೂ ಮಾಡುವಂತೆ ಆರ್ಲೀಥಾ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತಿದಳು. ನೆಲ್ಡಾ ಕೂಡ ಎತ್ತಿದಳು. ಕಾರು ಮನೆಯ ಪಕ್ಕಕ್ಕೆ ತಿರುಗಿತು. ಜಾಲರಿ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಕಿಟಕಿಯಲ್ಲಿ ಒಂದು ಕೈ ಕಾಣಿಸಿ ರಟ್ಟನ್ನು ಎತ್ತಿಕೊಂಡಿತು. ರಟ್ಟು ಇದ್ದ ಜಾಗ ಕಪ್ಪಾಯಿತು.

ಅಂಗಳದ ಅಂಜೂರದ ಮರಕ್ಕೆ, ಹಕ್ಕಿ ಬೆದರಿಸಲು, ಹಳೆಯ ತಗಡಿನ ತಟ್ಟೆಗಳನ್ನು ದಾರದಲ್ಲಿ ಕಟ್ಟಿದ್ದರು. ಅವುಗಳ ನಡುವೆ ಈಗ ರೆಕಾರ್ಡೂ ತೂಗುತ್ತಿತ್ತು. ಗಾಳಿಗೆ ತಗಡುಗಳು ಫಳಕ್ಕನೆ ಹೊಳೆದಾಗ ಕೊಂಬೆಗಳಿಂದ ಹಕ್ಕಿಗಳು ಏಳುತ್ತಿದ್ದವು. ಕಪ್ಪು ತಟ್ಟೆ ಸದ್ದಿಲ್ಲದೆ ಸುತ್ತುತ್ತಿತ್ತು, ಒಂದು ಬದಿ, ಇನ್ನೊಂದು ಬದಿ. ಒಂದು ಹಕ್ಕಿ ಅದರ ಅಂಚಿನ ಮೇಲೇ ಬಂದಿಳಿಯಿತು. ಭಾರಕ್ಕೆ ಅರ್ಧ ಸುತ್ತು ತಿರುಗಿ ತಟ್ಟೆ ನಿಂತಿತು. ಹಕ್ಕಿ ಕತ್ತು ಚಾಚಿ, ಎಟುಕಿದ ಹಣ್ಣಿಗೆ ಕೊಕ್ಕು ಹಾಕಿತು.

ನೆಲ್ಡಾಳ ಎರಡು ಬೆರಳುಗಳು ಸ್ಟೀರಿಂಗ್ ಮೇಲೆ ಇನ್ನೂ ಎತ್ತಿಕೊಂಡೇ ಇದ್ದವು.